ಉರಿಮೂತ್ರ ಇದೆ, ನೈಟ್ರೈಟ್ ನೆಗೆಟಿವ್ ಬಂದಿದೆ. ಸೋಂಕು ಇಲ್ಲವೇ?

ಪ್ರಶ್ನೆ:
ಮೂವತ್ತರ ಆಸುಪಾಸಿನ ಮಹಿಳೆ, ಗರ್ಭಿಣಿ ಅಲ್ಲ, ಸಕ್ಕರೆ ಕಾಯಿಲೆ ಇಲ್ಲ. ಎರಡು ದಿನದಿಂದ ಮೂತ್ರ ಮಾಡುವಾಗ ಉರಿ, ಗಳಿಗೆಗೊಮ್ಮೆ ಅವಸರ, ಹೋದರೆ ನಾಲ್ಕೇ ಹನಿ. ಜ್ವರ ಇಲ್ಲ. ಯೂರಿನ್ ರೊಟೀನ್‌ನಲ್ಲಿ ಪಸ್ ಸೆಲ್ಸ್ (ಕೀವಿನ ಕಣ, ಅಂದರೆ ಬಿಳಿ ರಕ್ತಕಣ) 15–20, ನೈಟ್ರೈಟ್ ನೆಗೆಟಿವ್. ಇದು ಸೋಂಕೇ? ಕಲ್ಚರ್ (ಮೂತ್ರದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಲೇಬೇಕೇ? ಕಿಡ್ನಿಗೆ ಏರಿದರೆ ಗೊತ್ತಾಗುವುದು ಹೇಗೆ?

ಉತ್ತರ 1:
ನೈಟ್ರೈಟ್ ನೆಗೆಟಿವ್ ಬಂದ ಮಾತ್ರಕ್ಕೆ ಸೋಂಕು ಇಲ್ಲ ಅನ್ನುವ ಹಾಗಿಲ್ಲ. ಇ. ಕೋಲಿಯಂಥ ಬ್ಯಾಕ್ಟೀರಿಯಾ ಮೂತ್ರದಲ್ಲಿರುವ ನೈಟ್ರೇಟನ್ನು ನೈಟ್ರೈಟ್ ಆಗಿಸಲು ಮೂತ್ರ ಸುಮಾರು 4 ಗಂಟೆ ಮೂತ್ರಕೋಶದಲ್ಲಿ ನಿಂತಿರಬೇಕು. ಅರ್ಧ ಗಂಟೆಗೊಮ್ಮೆ ಓಡುವವರಲ್ಲಿ ಅದೆಲ್ಲಿ ನಿಲ್ಲುತ್ತದೆ? ಎಂಟೆರೊಕಾಕಸ್ ಎಂಬ ಬ್ಯಾಕ್ಟೀರಿಯಾ ಇದ್ದರಂತೂ ಎಷ್ಟು ಹೊತ್ತು ನಿಂತರೂ ನೈಟ್ರೈಟ್ ಬರುವುದಿಲ್ಲ. ಹೊಸದಾಗಿ ಉರಿ, ಅವಸರ ಶುರುವಾಗಿದ್ದು, ಬಿಳಿಸೆರಗು ತುರಿಕೆ ಇಲ್ಲದಿದ್ದರೆ ಮೂತ್ರಕೋಶದ ಸೋಂಕೇ ಇರುವ ಸಾಧ್ಯತೆ ಹೆಚ್ಚು.

ಕಾರಣ ಬಹುಪಾಲು ಒಂದೇ: ಕರುಳಿನ ಇ. ಕೋಲಿ ಮೂತ್ರದ್ವಾರಕ್ಕೆ ಬಂದು ಮೇಲಕ್ಕೆ ಹತ್ತುವುದು. ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ., ಗಂಡಸರದ್ದು ಸುಮಾರು 20 ಸೆಂ.ಮೀ., ಹಾಗಾಗಿ ಹೆಂಗಸರಲ್ಲಿ ಅದು ಹತ್ತುವುದು ಸುಲಭ. ಲೈಂಗಿಕ ಸಂಪರ್ಕ, ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುವುದು, ಕಲ್ಲು, ಕ್ಯಾಥೆಟರ್, ಪ್ರಾಸ್ಟೇಟ್ ಊದಿ ಮೂತ್ರ ಪೂರ್ತಿ ಖಾಲಿಯಾಗದಿರುವುದು, ಇವೆಲ್ಲ ಅದಕ್ಕೆ ದಾರಿ ಮಾಡಿಕೊಡುತ್ತವೆ.

ಉತ್ತರ 2:
ಕಲ್ಚರ್ ಬಗ್ಗೆ. ಇಂಥ ಸರಳ ಸೋಂಕು ಮೊದಲ ಸಲ ಬಂದಾಗ ಕಲ್ಚರ್ ಇಲ್ಲದೆಯೂ ವೈದ್ಯರು ಚಿಕಿತ್ಸೆ ಕೊಡುತ್ತಾರೆ. ಗರ್ಭಿಣಿ, ಗಂಡಸು, ಮಗು, ಜ್ವರ ಇರುವವರು, ಔಷಧಿಗೆ ಬಗ್ಗದ್ದು, 6 ತಿಂಗಳಲ್ಲಿ 2 ಅಥವಾ ವರ್ಷಕ್ಕೆ 3 ಸಲ ಮರುಕಳಿಸಿದ್ದು: ಇಲ್ಲೆಲ್ಲ ಬೇಕೇ ಬೇಕು. ಅದೂ ಆಂಟಿಬಯಾಟಿಕ್‌ನ ಮೊದಲ ಮಾತ್ರೆ ನುಂಗುವ ಮುಂಚೆಯೇ ಮಾದರಿ ಕೊಡಬೇಕು. ಒಂದೆರಡು ಡೋಸ್ ಒಳಗೆ ಹೋದರೂ ಬ್ಯಾಕ್ಟೀರಿಯಾ ಬೆಳೆಯದೆ ‘ನೋ ಗ್ರೋತ್’ ಬರಬಹುದು, ಯಾವ ಔಷಧಿ ನಾಟುತ್ತದೆ ಎಂದು ತಿಳಿಯುವ ಅವಕಾಶವೇ ತಪ್ಪುತ್ತದೆ.

ಮಾದರಿ ಹಿಡಿಯುವುದರಲ್ಲೇ ಹೆಚ್ಚಿನ ಎಡವಟ್ಟು. ಕೈ ತೊಳೆದು, ಯೋನಿಯ ತುಟಿಗಳನ್ನು ಬೆರಳಿಂದ ಅಗಲಿಸಿ ಹಿಡಿದು, ಮೊದಲ ಧಾರೆ ಬಿಟ್ಟು ನಡುವಿನದ್ದನ್ನು ಸ್ಟೆರೈಲ್ ಡಬ್ಬಿಗೆ ಹಿಡಿಯಿರಿ. ಡಬ್ಬಿಯ ಅಂಚು ಮೈಗೆ, ಮುಚ್ಚಳದ ಒಳಬದಿ ಬೆರಳಿಗೆ ತಾಗಬಾರದು. 2 ಗಂಟೆಯೊಳಗೆ ಲ್ಯಾಬ್ ಸೇರಲಿ, ಆಗದಿದ್ದರೆ ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿಡಿ. ಬೆಚ್ಚಗಿನ ಕಡೆ ಬಿಟ್ಟರೆ ಡಬ್ಬಿಯಲ್ಲೇ ಬ್ಯಾಕ್ಟೀರಿಯಾ ಬೆಳೆದು ಲೆಕ್ಕ ಹಿಗ್ಗುತ್ತದೆ. ವರದಿಯಲ್ಲಿ ಎಪಿಥೀಲಿಯಲ್ ಸೆಲ್ಸ್ (ಚರ್ಮದ ಮೇಲ್ಪದರದ ಕೋಶಗಳು) ತುಂಬಾ ಇದ್ದು ಮೂರು ನಾಲ್ಕು ಬಗೆಯ ಬ್ಯಾಕ್ಟೀರಿಯಾ ಒಟ್ಟಿಗೆ ಬೆಳೆದಿದ್ದರೆ ಅದು ಚರ್ಮದಿಂದ ಬೆರೆತದ್ದು, ಮತ್ತೆ ಕೊಡಿ.

ಉತ್ತರ 3:
ಕಿಡ್ನಿಗೆ ಏರಿದರೆ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಮೈ ನಡುಗಿಸುವ ಚಳಿ, ಪಕ್ಕೆಲುಬಿನ ಕೆಳಗೆ ಬೆನ್ನಿನ ಒಂದು ಬದಿ ನೋವು, ವಾಂತಿ. ಇಷ್ಟರಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಮೂತ್ರಕೋಶಕ್ಕೆಂದು ಕೊಡುವ ನೈಟ್ರೊಫ್ಯುರಾಂಟೊಯಿನ್ ಎಂಬ ಆಂಟಿಬಯಾಟಿಕ್ ಕಿಡ್ನಿಯ ಅಂಗಾಂಶದಲ್ಲಿ ಸಾಕಷ್ಟು ಸೇರುವುದಿಲ್ಲ, ಅದನ್ನೇ ನುಂಗುತ್ತ ಕಾದರೆ ಸೋಂಕು ರಕ್ತಕ್ಕೆ ಇಳಿದು ಸೆಪ್ಸಿಸ್ (ಸೋಂಕಿನಿಂದ ಜೀವಕ್ಕೇ ಕುತ್ತಾಗುವ ಸ್ಥಿತಿ) ಆಗಬಹುದು. ಕಲ್ಲು ಅಡ್ಡ ಕೂತು ಮೂತ್ರ ಕಟ್ಟಿದ್ದರಂತೂ ಬರೀ ಔಷಧಿ ಸಾಲದು, ಕಟ್ಟಿದ್ದನ್ನು ತುರ್ತಾಗಿ ಹೊರಹರಿಸಬೇಕು. ಗರ್ಭಿಣಿಯರಲ್ಲಿ ಅವಧಿಗೆ ಮುಂಚೆ ಹೆರಿಗೆಯ ಅಪಾಯ, ಮಕ್ಕಳಲ್ಲಿ ಕಿಡ್ನಿಯ ಮೇಲೆ ಕಲೆ ಉಳಿಯುವ ಅಪಾಯ. ಮೂತ್ರದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಪದೇ ಪದೇ 8ರ ಹತ್ತಿರ ಬಂದರೆ ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದು ಯೂರಿಯಾ ಒಡೆದು ಕಲ್ಲು ಕಟ್ಟಿಸುತ್ತದೆ, ಸ್ಕ್ಯಾನ್ ಮಾಡಿಸಿ.

ಪ್ರಶ್ನೆ ಕೇಳಿದವರು:
ಉರಿ ಇಳಿಸುವ ಸಿಟ್ರೇಟ್ ಸಿರಪ್ ಸಾಕೇ? ಕೋರ್ಸ್ ಮುಗಿದ ಮೇಲೆ ಮತ್ತೆ ಪರೀಕ್ಷೆ ಬೇಕೇ?

ಉತ್ತರ 2:
ಸಿರಪ್ ಉರಿ ತಗ್ಗಿಸಬಹುದು, ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ. ನೈಟ್ರೊಫ್ಯುರಾಂಟೊಯಿನ್ ಆಮ್ಲೀಯ ಮೂತ್ರದಲ್ಲೇ ಚೆನ್ನಾಗಿ ಕೆಲಸ ಮಾಡುವುದರಿಂದ ಎರಡನ್ನೂ ಜೊತೆಗೆ ತೆಗೆದುಕೊಳ್ಳುವ ಮುಂಚೆ ವೈದ್ಯರನ್ನು ಕೇಳಿ. ಆಂಟಿಬಯಾಟಿಕ್ ಶುರು ಮಾಡಿ 48 ಗಂಟೆಯಲ್ಲಿ ಉರಿ ತಗ್ಗದಿದ್ದರೆ ಆಗ ಕಲ್ಚರ್. ಲಕ್ಷಣ ಪೂರ್ತಿ ಹೋಗಿದ್ದರೆ, ಗರ್ಭಿಣಿ ಅಲ್ಲದವರಿಗೆ ಮರುಪರೀಕ್ಷೆ ಬೇಡ. ಪಸ್ ಸೆಲ್ಸ್ ಕೆಲವು ದಿನ ಉಳಿದಿರಬಹುದು, ಆ ಸಂಖ್ಯೆಗೆ ಹೆದರಿ ಇನ್ನೊಂದು ಆಂಟಿಬಯಾಟಿಕ್ ಶುರು ಮಾಡಬೇಡಿ.