ಮೂಡಿಗೆರೆಯ ಗಿಡಗಳು ಕಡೂರಿನ ಹಿತ್ತಲಿನಲ್ಲಿ ಏಕೆ ಉಳಿಯುತ್ತಿಲ್ಲ?

ಪ್ರಶ್ನೆ: ಮಲೆನಾಡಿನ ಮಗಳು, ಕಡೂರು

ಎಲ್ಲರಿಗೂ ನಮಸ್ಕಾರ. ಮೂಡಿಗೆರೆಯಲ್ಲಿ ಹುಟ್ಟಿ ಬೆಳೆದ ನಾನು ಯಜಮಾನರ ವರ್ಗಾವಣೆಯಿಂದಾಗಿ ಎರಡು ವರ್ಷಗಳ ಹಿಂದೆ ಕಡೂರಿಗೆ ಬಂದೆ. ಜಿಲ್ಲೆ ಒಂದೇ ಆದರೂ ವರ್ಷಕ್ಕೆ 2000 ಮಿ.ಮೀ. ಮೀರಿ ಮಳೆ ಸುರಿಯುವ ಊರಿನಿಂದ, ಅದರ ಮೂರರಲ್ಲಿ ಒಂದು ಪಾಲಿನಷ್ಟು ಮಳೆಯಾದರೂ ಜನ ಸಮಾಧಾನಪಡುವ ಊರಿಗೆ ಬಂದಂತಾಗಿದೆ. ತವರಿನಿಂದ ತಂದ ಕಾಳುಮೆಣಸಿನ ಬಳ್ಳಿ, ಏಲಕ್ಕಿ, ಆಂಥೂರಿಯಂ, ಡೇಲಿಯಾ ಯಾವುದೂ ನೆಲ ಹಿಡಿಯಲಿಲ್ಲ. ಪ್ರತಿದಿನ ಸಂಜೆ ಎಲ್ಲ ಗಿಡಗಳಿಗೂ ಒಂದೊಂದು ಚೊಂಬು ಕೊಳವೆ ಬಾವಿಯ ನೀರು ಹಾಕುತ್ತೇನೆ. ಅಮ್ಮ ಹೇಳಿದಂತೆ ವಾರಕ್ಕೊಮ್ಮೆ ಒಲೆ ಬೂದಿಯನ್ನೂ ಕೊಡುತ್ತೇನೆ. ಆದರೂ ಮೆಣಸಿನ ಬಳ್ಳಿಯ ಹೊಸ ಎಲೆಗಳಲ್ಲಿ ನರಗಳು ಮಾತ್ರ ಹಸಿರಾಗಿ ಉಳಿದು ನಡುವಿನ ಭಾಗವೆಲ್ಲ ಹಳದಿಯಾಗುತ್ತದೆ, ಹಳೆಯ ಎಲೆಗಳ ಅಂಚು ಬೆಂಕಿ ತಾಗಿದಂತೆ ಸುಡುತ್ತದೆ. ಕುಂಡದ ಮಣ್ಣಿನ ಮೇಲೆ ಸುಣ್ಣ ಬಳಿದಂಥ ಬಿಳಿ ಪದರ ಕಟ್ಟಿದೆ. ನೀರು ಸಾಲದೇ ಹೀಗಾಗುತ್ತಿದೆಯೇ?

ಉತ್ತರ 1: ಅರಸೀಕೆರೆಯ ತೆಂಗಿನ ತೋಟದವರು

ನೀರು ಸಾಲದೇ ಹೀಗಾಗುತ್ತಿಲ್ಲ, ಮೇಡಂ. ಆ ನೀರಿನಲ್ಲಿ ಕರಗಿರುವ ಲವಣದಿಂದ ಆಗುತ್ತಿದೆ. ಸ್ನಾನದ ಹಂಡೆಯ ಒಳಗೋಡೆಯನ್ನು ಒಮ್ಮೆ ಬೆರಳಿನಿಂದ ಕೆರೆದು ನೋಡಿ, ಅಲ್ಲಿ ಕಟ್ಟಿರುವ ಗಡಸು ಬಿಳಿ ಚಕ್ಕೆಯ ಸಂಬಂಧಿಯೇ ನಿಮ್ಮ ಕುಂಡದ ಮೇಲಿನದು. ನಮ್ಮ ಬಯಲುಸೀಮೆಯ ಆಳದ ಕೊಳವೆ ಬಾವಿಗಳ ನೀರು ಬಹುಪಾಲು ಗಡಸು, ಅಂದರೆ ಸುಣ್ಣದಂಥ ಲವಣಗಳು ಕರಗಿರುವ ನೀರು. ದಿನವೂ ಒಂದು ಚೊಂಬು ಹಾಕಿದಾಗ ಆ ನೀರು ಮೇಲಿನ ಎರಡು ಅಂಗುಲ ಮಣ್ಣನ್ನಷ್ಟೇ ನೆನೆಸಿ ಮರುದಿನದ ಬಿಸಿಲು ಗಾಳಿಗೆ ಆರಿಹೋಗುತ್ತದೆ, ಅದರೊಳಗಿನ ಲವಣ ಮಾತ್ರ ಬೇರಿನ ಬುಡದಲ್ಲಿ ಉಳಿಯುತ್ತದೆ. ತಿಂಗಳುಗಟ್ಟಲೆ ಹೀಗೆ ಸೇರಿದ ಲವಣವೇ ಎಲೆಯ ಅಂಚನ್ನು ಸುಡುತ್ತಿದೆ.

ಹಳದಿ ಎಲೆಯ ಕಾರಣ ಬೇರೆ. ಅದು ಕಬ್ಬಿಣದ ಕೊರತೆಯ ಗುರುತು. ನಮ್ಮ ಕೆಂಪು ಮಣ್ಣಿನ ಕೆಂಪೇ ಕಬ್ಬಿಣದ್ದು, ಮಣ್ಣಿನಲ್ಲಿ ಅದಕ್ಕೆ ಬರವಿಲ್ಲ. ಆದರೆ ಇಂಥ ಗಡಸು ನೀರಿನಿಂದ ಮಣ್ಣು ಕ್ಷಾರವಾದಂತೆ (ಹುಳಿಗೆ ವಿರುದ್ಧ ಗುಣ) ಬೇರು ಅದನ್ನು ಹೀರಿಕೊಳ್ಳಲಾರದು. ದಯವಿಟ್ಟು ಬೂದಿಯನ್ನು ಇಂದೇ ನಿಲ್ಲಿಸಿ. ಮಳೆಗೆ ತೊಳೆದು ಹುಳಿಯಾದ ಮಲೆನಾಡಿನ ಮಣ್ಣಿಗೆ ಬೂದಿ ಒಳ್ಳೆಯದೇ, ನಿಮ್ಮ ತಾಯಿಯವರ ಮಾತು ಅಲ್ಲಿಗೆ ಸರಿಯಾಗಿಯೇ ಇದೆ. ಇಲ್ಲಿ ಅದು ಮೊದಲೇ ಇರುವ ಕ್ಷಾರವನ್ನು ಹೆಚ್ಚಿಸುತ್ತದೆ.

ನೆಲದ ಗಿಡಗಳಿಗೆ ದಿನದಿನದ ಚೊಂಬು ಬಿಟ್ಟು ನಾಲ್ಕೈದು ದಿನಕ್ಕೊಮ್ಮೆ, ಗೇಣುದ್ದ ಕಡ್ಡಿ ಸಲೀಸಾಗಿ ಇಳಿಯುವಷ್ಟು ಆಳಕ್ಕೆ ನೀರುಣಿಸಿ. ಆಗ ಲವಣ ಬೇರಿನಿಂದ ಕೆಳಕ್ಕೆ ಇಳಿಯುತ್ತದೆ. ಕುಂಡಗಳಿಗೆ ತಳದ ತೂತಿನಿಂದ ನೀರು ಹೊರಬರುವವರೆಗೆ ಹಾಕಬೇಕು. ಬುಡಕ್ಕೆ ಮೂರು ನಾಲ್ಕು ಅಂಗುಲ ದಪ್ಪದ ಹೊದಿಕೆ ಇರಲಿ: ರಾಗಿ ಹುಲ್ಲು, ಅವರೆ ಸಿಪ್ಪೆ, ಒಣಗಿದ ಗರಿ, ಯಾವುದಾದರೂ ಆದೀತು. ನಮ್ಮ ಕಡೆ ಕಾಯಿ ಸುಲಿದ ಮಟ್ಟೆ ಧಾರಾಳವಾಗಿ ಸಿಗುತ್ತದೆ. ಅದನ್ನು ಕೆಲವು ದಿನ ನೀರಿನಲ್ಲಿ ನೆನೆಹಾಕಿ, ಆ ಕಂದು ನೀರನ್ನು ಚೆಲ್ಲಿ, ನಾರಿನ ಭಾಗ ಮೇಲೆ ಬರುವಂತೆ ಪಾತಿಯಲ್ಲಿ ಹೂತರೆ ಸ್ಪಂಜಿನಂತೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿನ ಮಾದರಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೊಟ್ಟು ಪರೀಕ್ಷೆಯ ಬಗ್ಗೆ ವಿಚಾರಿಸಿ. ಅದಕ್ಕೆ ಮುಂಚೆ ಜಿಪ್ಸಂ ಮುಂತಾದುದನ್ನು ಸುರಿಯಬೇಡಿ.

ಉತ್ತರ 2: ನಿವೃತ್ತ ಯೋಧ, ಆಲೂರು

ಸೇನೆಯಲ್ಲಿದ್ದಾಗ ಲಡಾಖಿನ ಲೇಹ್‌ನಲ್ಲಿ ಕೆಲವು ಕಾಲ ಇದ್ದೆ. ಸುಮಾರು 3500 ಮೀಟರ್ ಎತ್ತರದ ಆ ಶೀತ ಮರುಭೂಮಿಯಲ್ಲಿ ಇಡೀ ವರ್ಷದ ಮಳೆ ಹಿಮವೆಲ್ಲ ಸೇರಿ 100 ಮಿ.ಮೀ. ಆಸುಪಾಸು. ಅಲ್ಲಿಯೂ ಜನ ಕೋಸು, ಮೂಲಂಗಿ, ಆಲೂಗಡ್ಡೆ ಬೆಳೆಯುತ್ತಾರೆ. ಮನೆಯ ಪಕ್ಕದಲ್ಲಿ ಸೊಂಟದಾಳದ ಕಂದಕ ತೋಡಿ, ಅದರ ತಳದಲ್ಲಿ ಸೊಪ್ಪು ಬಿತ್ತಿ, ರಾತ್ರಿ ಪ್ಲಾಸ್ಟಿಕ್ ಹಾಳೆ ಮತ್ತು ಕಂಬಳಿ ಹೊದಿಸುವುದನ್ನು ನಾನು ನೋಡಿದ್ದೇನೆ. ಆ ಹೊದಿಕೆ ಚಳಿಗಾಗಿ. ಕಡೂರಿನಲ್ಲಿ ಹಾಗೆ ಮಾಡಿದರೆ ಗಿಡ ಬೆಂದೇಹೋದೀತು. ಆದರೆ ನೆಲಕ್ಕಿಂತ ತಗ್ಗಿನ ಮಡಿ ನಿಮಗೂ ಉಪಯುಕ್ತ. ಮೂಡಿಗೆರೆಯಲ್ಲಿ ನೀರು ನಿಲ್ಲಬಾರದೆಂದು ಏರುಮಡಿ ಮಾಡುತ್ತಿದ್ದಿರಿ. ಇಲ್ಲಿ ಮಡಿಯನ್ನು ಅರ್ಧ ಅಡಿ ತಗ್ಗಿಸಿ ಸುತ್ತ ಬದು ಕಟ್ಟಿದರೆ ಬಿದ್ದ ಮಳೆ ಅಲ್ಲೇ ಇಂಗುತ್ತದೆ, ಗಾಳಿಯೂ ನೇರವಾಗಿ ಬಡಿಯುವುದಿಲ್ಲ. ಹಿಂಗಾರಿನ ಜೋರು ಮಳೆಗೆ ಮೂಲೆಯಲ್ಲೊಂದು ಕೋಡಿ ಬಿಡುವುದನ್ನು ಮರೆಯಬೇಡಿ. ಲೇಹ್‌ನವರು ಹೊಲದಂಚಿಗೆ ಪಾಪ್ಲರ್, ವಿಲ್ಲೋ ಮರ ನೆಡುವಂತೆ, ಆಷಾಢದ ಗಾಳಿ ತಡೆಯಲು ನೀವು ಪಡುವಣ ಬದುವಿನಲ್ಲಿ ಸಾಲಾಗಿ ಅಗಸೆ ಮರ, ತೊಗರಿ ಹಾಕಿ.

ಉತ್ತರ 3: ಬೀರೂರಿನವರು

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಛಾವಣಿಯ ಲೆಕ್ಕವೊಂದು ಉಳಿದಿದೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ತಾರಸಿ 90 ಚದರ ಮೀಟರ್ ಇದ್ದರೆ 25 ಮಿ.ಮೀ.ನ ಒಂದೇ ಮಳೆಗೆ 2250 ಲೀಟರ್ ಬೀಳುತ್ತದೆ. ಒಂದಿಷ್ಟು ಪೋಲಾದರೂ 2000 ಲೀಟರಿನ ತೊಟ್ಟಿ ಬಹುತೇಕ ತುಂಬಿತು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು ಉಳಿದದ್ದನ್ನು ಸಸಿ ಮಡಿಗೆ, ಕುಂಡಗಳಿಗೆ ಮೀಸಲಿಡಿ. ಬೇರು ಬಿಟ್ಟ ದೊಡ್ಡ ಗಿಡಗಳು ಕೊಳವೆ ಬಾವಿಯ ನೀರನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ. ಕುಡಿಯುವ ನೀರಿನ ಶುದ್ಧೀಕರಣ ಯಂತ್ರದಿಂದ ಹೊರಬೀಳುವ ನೀರನ್ನು ಮಾತ್ರ ಕುಂಡಕ್ಕೆ ಹಾಕಬೇಡಿ, ಅದರಲ್ಲಿ ಲವಣ ಇನ್ನೂ ಹೆಚ್ಚು.

ಏಲಕ್ಕಿಯ ಆಸೆಯನ್ನು ಬಿಡುವುದೇ ಒಳ್ಳೆಯದು. ನುಗ್ಗೆ, ಸೀತಾಫಲ, ದಾಳಿಂಬೆ, ಗೋರಿಕಾಯಿ, ಅಲಸಂದೆ, ಚಪ್ಪರದವರೆ ನಮ್ಮ ಹಿತ್ತಲಿನಲ್ಲಿ ಹೆಚ್ಚಿನ ಆರೈಕೆ ಬೇಡದೆ ಬರುತ್ತವೆ.

ಪ್ರಶ್ನೆ ಕೇಳಿದವರು:

ತಮ್ಮೆಲ್ಲರಿಗೂ ಕೃತಜ್ಞತೆಗಳು. ಹಂಡೆಯನ್ನು ಕೆರೆದು ನೋಡಿದೆ, ಉಗುರಿನಷ್ಟು ದಪ್ಪದ ಚಕ್ಕೆ ಎದ್ದುಬಂತು. ಇಂದು ಬೆಳಿಗ್ಗೆ ಬೂದಿಯ ಡಬ್ಬವನ್ನು ಪಾತ್ರೆ ತಿಕ್ಕುವ ಕಲ್ಲಿನ ಬಳಿ ಇಟ್ಟೆ. ಮೆಣಸಿನ ಬಳ್ಳಿಯೊಂದನ್ನು ಮಾತ್ರ ಕೈಬಿಡಲು ಮನಸ್ಸಿಲ್ಲ, ಅದು ಅಜ್ಜಿ ನೆಟ್ಟ ಬಳ್ಳಿಯ ಕುಡಿ. ದೊಡ್ಡ ಕುಂಡದಲ್ಲಿ, ನುಗ್ಗೆಯ ನೆರಳಿನಲ್ಲಿಟ್ಟು ಮಳೆನೀರನ್ನೇ ಕೊಟ್ಟರೆ ಉಳಿದೀತೇ? ಬೀರೂರಿನವರು ಯಾರಾದರೂ ಹಾಗೆ ಬೆಳೆಸಿದ್ದರೆ ದಯವಿಟ್ಟು ತಿಳಿಸಿ.