ಪದಚರ್ಚೆ: ಫೋಲ್ಡರ್‌ಗೆ ‘ಕಡತಕೋಶ’ ಸರಿಯೇ? ಇಂದು ಸಂಜೆಯೊಳಗೆ ಬೇಕು

[ಪ್ರಶ್ನೆ]

ಎಲ್ಲರಿಗೂ ನಮಸ್ಕಾರ. ನಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರನ್ನು ಮೊದಲ ಸಲ ಮುಟ್ಟುತ್ತಿರುವ ಹಿರಿಯರಿಗಾಗಿ ತರಗತಿ ನಡೆಯುತ್ತಿದೆ. ಗೋಡೆಗೆ ಹಾಕುವ ಫಲಕ ಇಂದು ಸಂಜೆ ಮುದ್ರಣಕ್ಕೆ ಹೋಗಬೇಕು. ಮೌಸ್, ಕೀಲಿಮಣೆ, ಪರದೆ, ಇವುಗಳಲ್ಲಿ ತಕರಾರಿಲ್ಲ. ಲಿನಕ್ಸ್ ಕಂಪ್ಯೂಟರುಗಳಲ್ಲಿ ಪರದೆಯನ್ನು ತೋರಿಸುವ ತಂತ್ರಾಂಶವಾದ ಗ್ನೋಮ್‌ನ ಕನ್ನಡ ಅನುವಾದದಲ್ಲಿ ಫೈಲ್‌ಗೆ ‘ಕಡತ’, ಫೋಲ್ಡರ್‌ಗೆ ‘ಕಡತಕೋಶ’ ಎಂದಿದೆ. ಇದನ್ನು ಕಂಡ ನಿವೃತ್ತ ಗುಮಾಸ್ತರೊಬ್ಬರು, “ಕಡತವೆಂದರೆ ಒಳಗೆ ಹತ್ತಾರು ಕಾಗದಗಳಿರಬೇಕಲ್ಲವೇ? ಒಂದೇ ಅರ್ಜಿಗೆ ಕಡತ ಎನ್ನುವುದು ಹೇಗೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ದಯವಿಟ್ಟು ಬೇಗ ತಿಳಿಸಿ.

[ಮರುಪತ್ರ, ಮೈಸೂರಿನಿಂದ]

ಕಡತಕೋಶ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದ ಸಮಾಸ. ವ್ಯಾಕರಣಕಾರ ಕೇಶಿರಾಜ ಹದಿಮೂರನೆಯ ಶತಮಾನದಲ್ಲೇ ಬೇಡವೆಂದದ್ದನ್ನು ಈಗ ಗೋಡೆಗೆ ತೂಗುಹಾಕುವುದೇಕೆ? ಮಡಿಸು ಧಾತುವಿನಿಂದ ‘ಮಡಿಕೆ’ ಸಿಗುತ್ತದೆ. ಫೋಲ್ಡರ್‌ಗೆ ಅದನ್ನೇ ಬಳಸಿ. ಕನ್ನಡದ ಧಾತು, ಕನ್ನಡದ ಪ್ರತ್ಯಯ.

[ಮರುಪತ್ರ, ಧಾರವಾಡದಿಂದ]

ನಮ್ಮ ಸೀಮೆಯಲ್ಲಿ ಮಡಿಕೆ ಹೊಲ ಉಳುವ ಸಾಧನ, ನಿಮ್ಮ ಕಡೆ ಮಣ್ಣಿನ ಪಾತ್ರೆ. ಮೂರನೆಯ ಅರ್ಥವನ್ನು ಅದರ ಮೇಲೆ ಹೇರುವುದು ಬೇಡ. ಅರಿಸಮಾಸದ ಮಾತನ್ನೂ ಇಲ್ಲಿಗೇ ಬಿಡಿ. ಬಿರುದುಗಳಿಗೂ ಹಿಂದಿನವರ ಪ್ರಯೋಗಗಳಿಗೂ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ.

ಗುಮಾಸ್ತರ ಪ್ರಶ್ನೆ ಮಾತ್ರ ಬಹಳ ಒಳ್ಳೆಯದು, ಅದಕ್ಕೆ ನಿಜವಾದ ಉತ್ತರವಿದೆ. ಕಾಗದಗಳ ಕಟ್ಟಿಗೆ ಕಡತವೆನ್ನುವುದು ಕಚೇರಿಗಳ ಕಾಲದ ಬಳಕೆ. ಮೂಲದ ಕಡತ ಒಂದೇ ಉದ್ದನೆಯ ಬಟ್ಟೆ. ಹುಣಿಸೆಬೀಜದ ಅಂಟಿಗೆ ಇದ್ದಿಲಪುಡಿ ಬೆರೆಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ವರ್ತಕರ ಲೆಕ್ಕ ಅದರಲ್ಲಿತ್ತು. ಶೃಂಗೇರಿ ಮಠದ ಕಡತಗಳಂತೂ ಇತಿಹಾಸಕಾರರಿಗೆ ಚಿರಪರಿಚಿತ. ಇದರ ಹಳೆಯ ರೂಪ ‘ಕಡಿತ’. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಬರುವ ‘ಕಡಿತವೆರ್ಗಡೆ’ ಈ ದಾಖಲೆಗಳ ಮೇಲಧಿಕಾರಿ. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು ಎಂಬುದು ಇಲ್ಲಿ ಮುಖ್ಯ. ತೆರೆ, ತಿದ್ದು, ಅಳಿಸು, ಉಳಿಸು: ಕಂಪ್ಯೂಟರಿನ ಫೈಲ್‌ಗೆ ನಾವು ಮಾಡುವುದೂ ಇಷ್ಟೇ. ಫೈಲ್‌ಗೆ ಕಡತ ಎಂಬುದನ್ನು ಧೈರ್ಯವಾಗಿ ಉಳಿಸಿಕೊಳ್ಳಿ.

ಫೋಲ್ಡರ್‌ಗೆ ನನ್ನ ಸಲಹೆ ‘ದಫ್ತರ’. ಕಡತಗಳನ್ನು ಸೇರಿಸಿ ಕಟ್ಟಿಟ್ಟದ್ದು ದಫ್ತರವೆಂದು ಗುಮಾಸ್ತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

[ಮರುಪತ್ರ, ಮೈಸೂರಿನಿಂದ]

ಪಾರಸಿ ಪದ. ಒಪ್ಪುವುದಿಲ್ಲ. ಇಂಗ್ಲಿಷನ್ನು ಹೊರಗಟ್ಟಲು ಪಾರಸಿಯನ್ನು ಕರೆತರುವುದು ಯಾವ ಕನ್ನಡಾಭಿಮಾನ?

[ಮರುಪತ್ರ, ಧಾರವಾಡದಿಂದ]

ಪಾರಸಿಗೂ ಅದು ಸ್ವಂತದ್ದಲ್ಲ. ಹದಮಾಡಿದ ಚರ್ಮಕ್ಕೆ ಗ್ರೀಕರು ಹೇಳುತ್ತಿದ್ದ ‘ಡಿಫ್ತೆರಾ’ ಪಶ್ಚಿಮ ಏಷ್ಯಾವನ್ನು ಹಾದು ನಮ್ಮ ದಫ್ತರಖಾನೆಗೆ ಬಂದಿದೆ. ಅರ್ಜಿ, ಕಚೇರಿ, ಗುಮಾಸ್ತ, ಇವೆಲ್ಲವನ್ನೂ ಹೊರಹಾಕಿದರೆ ತಾಲ್ಲೂಕು ಕಚೇರಿಯಲ್ಲಿ ಒಂದು ವಾಕ್ಯ ಪೂರೈಸುವುದೂ ಕಷ್ಟ. ಹಳ್ಳಿಯ ಬಾಯಲ್ಲಿ ತಲೆಮಾರುಗಳಿಂದ ಉಳಿದ ಮಾತು ಕನ್ನಡದ್ದೇ. ಅದರ ಕುಲ ಕೇಳುವ ಹಕ್ಕು ಪಂಡಿತರಿಗೆ ಇಲ್ಲ.

[ಮರುಪತ್ರ, ಮಂಗಳೂರಿನಿಂದ]

ಇಬ್ಬರೂ ಫಲಕವನ್ನು ಮರೆತಿದ್ದೀರಿ. ಕಲಿಯುವವರ ಮುಂದಿರುವ ಪರದೆಯಲ್ಲಿ ‘ದಫ್ತರ’ ಎಂದು ಬರೆದಿದೆಯೇ? ಇಲ್ಲ. ಪರದೆಯಲ್ಲಿ ಒಂದು, ಗೋಡೆಯ ಮೇಲೆ ಇನ್ನೊಂದು ಇದ್ದರೆ ಹೊಸಬರು ಕಂಗಾಲಾಗುತ್ತಾರೆ. ಇಂಗ್ಲಿಷಿನ ‘ಫೈಲ್’ ಉಳಿಸಿದರೂ ಗುಮಾಸ್ತರ ತೊಡಕು ಬಗೆಹರಿಯುವುದಿಲ್ಲ, ಏಕೆಂದರೆ ನಮ್ಮ ಕಚೇರಿಗಳಲ್ಲಿ ಫೈಲು ಎಂದರೂ ರಟ್ಟಿನ ಹೊದಿಕೆಯೊಳಗಿನ ಕಾಗದಗಳೇ. ಫೋಲ್ಡರ್ ಎಂಬ ಮಾತಾದರೂ ಎಲ್ಲ ಕಡೆ ಮೊದಲಿನಿಂದ ಇದ್ದದ್ದಲ್ಲ. 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿನಲ್ಲೇ ಫೋಲ್ಡರ್ ಚಿತ್ರವಿತ್ತು. ಮೈಕ್ರೋಸಾಫ್ಟ್ ಮಾತ್ರ ವಿಂಡೋಸ್ 95ರವರೆಗೆ ‘ಡೈರೆಕ್ಟರಿ’ ಎನ್ನುತ್ತಿತ್ತು. ಅವರೇ ಪದ ಬದಲಿಸಿದ್ದಾರೆ, ನಾವೇಕೆ ಒಂದಕ್ಕೇ ಜೋತುಬೀಳಬೇಕು?

ನಿಮ್ಮ ಯಂತ್ರದಲ್ಲಿ ಕನ್ನಡದ ಗ್ನೋಮ್ ಇದ್ದರೆ ಕಡತ, ಕಡತಕೋಶ ಎಂದೇ ಹಾಕಿ. ಇಂಗ್ಲಿಷ್ ವಿಂಡೋಸ್ ಇದ್ದರೆ ಫೈಲ್, ಫೋಲ್ಡರ್ ಎಂದು ಕನ್ನಡ ಲಿಪಿಯಲ್ಲಿ ದೊಡ್ಡದಾಗಿ ಬರೆದು, ಕೆಳಗೆ ಚಿಕ್ಕ ಅಕ್ಷರದಲ್ಲಿ ಕಡತ, ದಫ್ತರ ಎಂದು ಸೇರಿಸಿ. ಗುಮಾಸ್ತರಿಗೆ ಬಟ್ಟೆಯ ಕಡತದ ಕಥೆ ಹೇಳಿ, ಅವರು ಖಂಡಿತ ಮರೆಯುವುದಿಲ್ಲ.

ಇನ್ನೊಂದು ಮಾತು. ಫಲಕದಲ್ಲಿ ‘ತೆರೆ’ ಎಂದು ಬರೆಯಬೇಡಿ. ಅದು ಕ್ರಿಯಾಪದವೋ ಪರದೆಯೋ ಎಂದು ಹೊಸಬರಿಗೆ ತಿಳಿಯುವುದಿಲ್ಲ. ಹಿರಿಯರಿಗೆ ಏಕವಚನವೂ ಸಲ್ಲದು. ‘ತೆರೆಯಿರಿ’, ‘ಉಳಿಸಿ’, ‘ಮುಚ್ಚಿ’ ಎಂದಿರಲಿ.