ಲಾಕ್‌ಡೌನ್ ಕಾಲದ ಮನಸ್ಸಿನ ಕುಸಿತವನ್ನು ಈಗಲೂ ಹೊತ್ತು ತಿರುಗುತ್ತಿರುವವರು ಇದ್ದೀರಾ?

ಪ್ರಶ್ನೆ (ಶಿರಸಿ ತಾಲ್ಲೂಕಿನಿಂದ)

2020ರ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ ಮುಗಿದ ಬೆನ್ನಿಗೇ ಕಾಲೇಜುಗಳನ್ನು ಮುಚ್ಚಿದ್ದರಿಂದ, ಧಾರವಾಡದ ಹಾಸ್ಟೆಲಿನಲ್ಲಿದ್ದ ನಾನು ಎರಡು ಜೊತೆ ಬಟ್ಟೆ ಹಿಡಿದು ಮನೆಗೆ ಮರಳಿದೆ. ಆಗ ಎಂಎಸ್ಸಿ ಮೊದಲ ವರ್ಷ. ನಮ್ಮ ಮನೆ ತೋಟದ ತಗ್ಗಿನಲ್ಲಿರುವುದರಿಂದ ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಆನ್‌ಲೈನ್ ತರಗತಿಗೆಂದು ದಿನವೂ ಸೊಪ್ಪಿನ ಬೆಟ್ಟ ಹತ್ತಿ, ಮಳೆಗಾಲ ಹಿಡಿದ ಮೇಲೆ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗಿನ ಮೊಬೈಲು ಹಿಡಿದು ಕೂರುತ್ತಿದ್ದೆ. ಕಾಲಿಗೆ ಹತ್ತಿದ ಉಂಬಳಗಳನ್ನು (ಜಿಗಣೆಗಳನ್ನು) ಕೀಳಲು ಬಗ್ಗಿದರೆ ಸಂಪರ್ಕ ಕಡಿದುಹೋಗುತ್ತಿತ್ತು. ಆರಂಭದಲ್ಲಿ ಅದೊಂದು ಸಾಹಸದಂತೆಯೇ ಇತ್ತು. ಆಗಸ್ಟ್ ಹೊತ್ತಿಗೆ ಬೆಟ್ಟಕ್ಕೆ ಹೋಗುತ್ತೇನೆಂದು ಹೇಳಿ ಹೊರಟು, ಮೊಬೈಲನ್ನು ತೆರೆಯದೆಯೇ ಎರಡು ಗಂಟೆ ಕುಳಿತು ವಾಪಸಾಗುತ್ತಿದ್ದೆ. ರಾತ್ರಿ ಮೂರರವರೆಗೆ ನಿದ್ದೆ ಇರಲಿಲ್ಲ. ಊಟ ಸೇರುತ್ತಿರಲಿಲ್ಲ. ಅಮ್ಮ ಕೇಳಿದ್ದು ಒಂದೇ ಮಾತು: "ಮನೆಯಲ್ಲಿ ನಿನಗೆ ಏನು ಕಡಿಮೆಯಾಗಿದೆ?"

ನಿಜಕ್ಕೂ ಏನೂ ಕಡಿಮೆಯಿರಲಿಲ್ಲ. ಜನರು ಆಮ್ಲಜನಕಕ್ಕಾಗಿ ಪರದಾಡುತ್ತಿದ್ದ ಕಾಲದಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದ ನಾನು ನೊಂದಿದ್ದೇನೆ ಎನ್ನುವುದೇ ತಪ್ಪೆನಿಸಿ ಯಾರಲ್ಲಿಯೂ ಹೇಳಲಿಲ್ಲ. ಪದವಿ ಮುಗಿಯಿತು, ಈಗ ಕೆಲಸದಲ್ಲೂ ಇದ್ದೇನೆ. ಆದರೆ ಇಂದಿಗೂ ಕೆಲಸದ ಸಂದೇಶವೊಂದು ಬಂದರೆ ಎದೆ ಹೊಡೆದುಕೊಳ್ಳುತ್ತದೆ, ಮೊಬೈಲನ್ನು ಬೋರಲು ಹಾಕಿ ದಿನಗಟ್ಟಲೆ ತೆರೆಯದೆ ಇರುತ್ತೇನೆ. ಇದು ಸೋಮಾರಿತನವೇ, ಕಾಯಿಲೆಯೇ? ಇಷ್ಟು ವರ್ಷಗಳ ನಂತರ ವೈದ್ಯರ ಬಳಿ ಹೋದರೆ ಅರ್ಥವಿದೆಯೇ?

ಉತ್ತರ 1 (ಕಾರವಾರದಿಂದ)

ನಿಮ್ಮ ಮನೆಯಲ್ಲಿ ಕಡಿಮೆ ಇರಲಿಲ್ಲ, ನಮ್ಮಲ್ಲಿ ಇತ್ತು. ಆದರೂ ನೀವು ಬರೆದ ಪ್ರತಿಯೊಂದು ಸಾಲೂ ನನಗೆ ಗೊತ್ತಿರುವುದೇ ಆಗಿದೆ, ಆದ್ದರಿಂದ ಹೋಲಿಕೆಯನ್ನು ದಯವಿಟ್ಟು ಬಿಡಿ. ಬೋಟುಗಳು ದಡ ಸೇರಿದ ಮೇಲೆ ಅಪ್ಪನಿಗೆ ಕೆಲಸವಿರಲಿಲ್ಲ. ಲಾಕ್‌ಡೌನ್ ಸಡಿಲವಾಗುವ ಹೊತ್ತಿಗೆ ಪ್ರತಿ ವರ್ಷದ ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧವೂ ಬಂದಿತ್ತು. ಗೋವಾದಲ್ಲಿ ದುಡಿಯುತ್ತಿದ್ದ ಅಣ್ಣ ಮಾಜಾಳಿ ಗಡಿ ಮುಚ್ಚಿದಾಗ ಆಚೆಯೇ ಉಳಿದ. ಎರಡು ಕೋಣೆಯ ಮನೆಯಲ್ಲಿ ಐದು ಜನ, ಮೂವರು ಓದುವವರಿಗೆ ಒಂದೇ ಸ್ಮಾರ್ಟ್‌ಫೋನು.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಮಾತನಾಡಲು ಜಾಗವಿಲ್ಲದ್ದು. ಸಹಾಯವಾಣಿಯ ಸಂಖ್ಯೆಯನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡಿದ್ದೆ, ಆದರೆ ಗೋಡೆಯ ಆಚೆ ಅಪ್ಪ ಮಲಗಿರುವಾಗ "ನನಗೆ ಬದುಕುವ ಮನಸ್ಸಿಲ್ಲ" ಎಂದು ಯಾರಿಗಾದರೂ ಹೇಗೆ ಹೇಳುವುದು? ಕೊನೆಗೆ ನೀರು ತರುವ ನೆಪದಲ್ಲಿ ಹೊರಬಿದ್ದು, ಕಡಲಿನ ದಂಡೆಯ ಗಾಳಿಮರಗಳ ಹಿಂದೆ ನಿಂತು ಕರೆ ಮಾಡಿದೆ. ಅಲೆಯ ಸದ್ದಿಗೆ ಆ ಕಡೆಯವರಿಗೆ ನನ್ನ ಮಾತು ಕೇಳಿಸುತ್ತಿರಲಿಲ್ಲ, ಜೋರಾಗಿ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಅವರು ಸಿಟ್ಟಾಗಲಿಲ್ಲ, "ನಿಧಾನವಾಗಿ ಹೇಳು, ನಾನು ಕಾಯುತ್ತೇನೆ" ಎಂದರು. ಆ ದಿನ ನಾನು ಅತ್ತದ್ದಷ್ಟೇ. ಎರಡನೆಯ ಕರೆಯಲ್ಲಿ ಮಾತನಾಡಿದೆ.

ಉತ್ತರ 2 (ಅಂಕೋಲೆಯಿಂದ, ಕಾಲೇಜು ಉಪನ್ಯಾಸಕ)

ಪರದೆಯ ಈಚೆ ಬದಿಯಲ್ಲಿ ಕುಳಿತಿದ್ದವನಾಗಿ ಬರೆಯುತ್ತಿದ್ದೇನೆ. ಅರವತ್ತು ಹೆಸರುಗಳು, ಅರವತ್ತು ಕಪ್ಪು ಚೌಕಗಳು. "ಕೇಳಿಸುತ್ತಿದೆಯೇ?" ಎಂದು ನಾನು ದಿನಕ್ಕೆ ಹತ್ತು ಬಾರಿ ಕೇಳಿದ್ದೇನೆ, "ಹೇಗಿದ್ದೀರಿ?" ಎಂದು ಕೇಳಿದ್ದು ನೆನಪಿಲ್ಲ. ಹಾಜರಾತಿ ಕಡಿಮೆಯಾದವರಿಗೆ ಎಚ್ಚರಿಕೆಯ ಸಂದೇಶ ಕಳುಹಿಸಿದವನೂ ನಾನೇ. ಅಂಥ ಸಂದೇಶವೊಂದು ಬೆಟ್ಟದ ಮೇಲೆ ಉಂಬಳ ಕೀಳುತ್ತ ಕುಳಿತವಳಿಗೆ ಏನು ಮಾಡಿರಬಹುದೆಂದು ನಿಮ್ಮ ಪ್ರಶ್ನೆ ಓದಿದಾಗ ತಿಳಿಯಿತು. ಅದಕ್ಕಾಗಿ ನನಗೆ ನೋವಿದೆ.

ವಿದ್ಯಾರ್ಥಿಗಳನ್ನು ಸವೆಸಿದ್ದು ರೋಗದ ಭಯವೊಂದೇ ಅಲ್ಲ, ಕೊನೆಯ ದಿನಾಂಕವಿಲ್ಲದ ಕಾಯುವಿಕೆ ಎಂಬುದು ನನ್ನ ದೃಢವಾದ ಅಭಿಪ್ರಾಯ. 2020ರ ಮಾರ್ಚ್ 25ರಿಂದ 21 ದಿನ ಎಂದರು, ಬಳಿಕ ಮೇ 3, ಮೇ 17, ಮೇ 31 ಎಂದು ಗಡುವು ಮುಂದೆ ಹೋಗುತ್ತಲೇ ಇತ್ತು. ಪರೀಕ್ಷೆಯ ಕಥೆಯೂ ಅದೇ. ಅಂತಿಮ ವರ್ಷದ ಪರೀಕ್ಷೆಗಳನ್ನು ಸೆಪ್ಟೆಂಬರ್ ಕೊನೆಯೊಳಗೆ ಮುಗಿಸಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಜುಲೈನಲ್ಲಿ ಹೇಳಿತು, ಅದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿ ಆಗಸ್ಟ್ 28ರಂದು ತೀರ್ಪು ಬರುವವರೆಗೆ ಓದಬೇಕೋ ಬಿಡಬೇಕೋ ತಿಳಿಯದೆ ಮಕ್ಕಳು ಒದ್ದಾಡಿದರು. ನವೆಂಬರ್ 17ರಂದು ಕಾಲೇಜು ತೆರೆಯಿತು, 2021ರ ಏಪ್ರಿಲ್‌ನಲ್ಲಿ ಎರಡನೆಯ ಅಲೆಗೆ ಮತ್ತೆ ಮುಚ್ಚಿತು. ಇನ್ನು ನಮ್ಮ ಜಿಲ್ಲೆಯ ಪಾಡು ಬೇರೆಯೇ. ಅದೇ ವರ್ಷ ಜುಲೈ 26ರಿಂದ ಪದವಿ ತರಗತಿಗಳು ಪುನಃ ಆರಂಭವಾಗುವುದಕ್ಕೆ ಮೂರು ದಿನ ಮೊದಲು ಗಂಗಾವಳಿ ನದಿಯ ನೆರೆ ಮನೆಗಳಿಗೆ ನುಗ್ಗಿತ್ತು. ನದಿಯಂಚಿನ ಹುಡುಗನೊಬ್ಬ ಕೆಸರು ಮೆತ್ತಿದ ಅಂಕಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ ಸ್ಟಾಫ್ ರೂಮಿನ ಕಿಟಕಿಯ ಮೇಲೆ ಒಣಗಿಸಿದ. ಅವನು ಎಂದೂ ಕ್ಯಾಮೆರಾ ತೆರೆದವನಲ್ಲ. ಅಂದು ಅವನ ಮುಖ ನೋಡಿದಾಗ ಗುರುತೇ ಸಿಗಲಿಲ್ಲ.

ನಿಮ್ಮದು ಸೋಮಾರಿತನವಲ್ಲ. ಸೋಮಾರಿಗೆ ಎದೆ ಹೊಡೆದುಕೊಳ್ಳುವುದಿಲ್ಲ.

ಉತ್ತರ 3 (ತಾಲ್ಲೂಕು ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ)

ಇದನ್ನು ಓದಿ ರೋಗನಿರ್ಣಯ ಮಾಡಲು ನನಗೆ ಬರುವುದಿಲ್ಲ, ಮಾಡಲೂಬಾರದು. ಆದರೆ ನೀವು ವಿವರಿಸಿದ್ದು ಹೇಗೆ ಬೆಳೆಯುತ್ತದೆ ಎಂಬುದನ್ನು ಹೇಳಬಲ್ಲೆ. ನಮ್ಮ ದೇಹದೊಳಗಿನ ಗಡಿಯಾರವನ್ನು ಸರಿಪಡಿಸುವುದು ಬೆಳಗಿನ ಬೆಳಕು ಮತ್ತು ನಿಗದಿತ ಕೆಲಸಗಳು. ಬಸ್ಸಿಗೆ ಓಡುವುದು, ಕ್ಯಾಂಟೀನಿನ ಚಹಾ, ಗೆಳತಿಯೊಡನೆ ಜಗಳ, ಇವೆಲ್ಲ ಒಮ್ಮೆಲೇ ನಿಂತಾಗ ನಿದ್ದೆ ತಡವಾಗುತ್ತ ಹೋಗುತ್ತದೆ, ನಿದ್ದೆ ಕೆಟ್ಟರೆ ಮನಸ್ಸೂ ಕೆಡುತ್ತದೆ. ಮಂಕು, ಆಸಕ್ತಿ ಇಲ್ಲದಿರುವುದು, ನಿದ್ದೆ ಮತ್ತು ಊಟದಲ್ಲಿ ಏರುಪೇರು, ತನ್ನ ಮೇಲೆಯೇ ಅಪರಾಧದ ಭಾವ ಇವು ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಉಳಿದರೆ, ಖಿನ್ನತೆ ಇರಬಹುದೇ ಎಂದು ವೈದ್ಯರಿಂದ ಪರೀಕ್ಷಿಸಿಕೊಳ್ಳಬೇಕು. ಮನೆಯಲ್ಲಿ ಅನ್ನವಿದೆಯೋ ಇಲ್ಲವೋ ಎಂಬುದು ಅದಕ್ಕೆ ಅಳತೆಯಲ್ಲ.

ಮೊಬೈಲನ್ನು ಬೋರಲು ಹಾಕುವ ವಿಷಯಕ್ಕೆ ಬರುತ್ತೇನೆ. ಸಂದೇಶವನ್ನು ತೆರೆಯದಿದ್ದರೆ ಆ ಕ್ಷಣಕ್ಕೆ ನಿರಾಳವೆನಿಸುತ್ತದೆ. ಆ ನಿರಾಳವೇ ಮುಂದಿನ ಬಾರಿಯೂ ತೆರೆಯದಿರಲು ಕಲಿಸುತ್ತದೆ, ಹೀಗೆ ಪ್ರತಿ ಸಲವೂ ಭಯಕ್ಕೆ ಬಲ ಬರುತ್ತದೆ. ಇದನ್ನು ಬಿಡಿಸುವ ವಿಧಾನಗಳಿವೆ, ವರ್ಷಗಳು ಕಳೆದ ಮೇಲೂ ಅವು ಕೆಲಸ ಮಾಡುತ್ತವೆ. ಇಡೀ ರಾಶಿಯನ್ನು ಒಂದೇ ದಿನ ತೆರೆಯಲು ಹೋಗಬೇಡಿ. ದಿನಕ್ಕೊಂದು ಸಂದೇಶ, ಅದೂ ಅತ್ಯಂತ ಕಡಿಮೆ ಹೆದರಿಸುವಂಥದ್ದು, ನಿಗದಿತ ಹೊತ್ತಿನಲ್ಲಿ, ಸಾಧ್ಯವಾದರೆ ನಂಬಿಕೆಯವರೊಬ್ಬರು ಪಕ್ಕದಲ್ಲಿರುವಾಗ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿಮನಸ್ ಸೇವೆ 2022ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆ ಏರ್ಪಡಿಸಲಾಗುತ್ತದೆ, ಹೊರಡುವ ಮುನ್ನ ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಬದುಕು ಬೇಡ ಎಂಬ ಯೋಚನೆ ಸುಳಿದರೆ ಮಾತ್ರ ಮಂಗಳವಾರಕ್ಕೆ ಕಾಯಬೇಡಿ, ಆ ಗಳಿಗೆಯಲ್ಲಿಯೇ ಕರೆ ಮಾಡಿ, ಮನೆಯವರನ್ನು ಎಬ್ಬಿಸಿ.

ಪ್ರಶ್ನೆ ಕೇಳಿದವರು

ಎಲ್ಲ ಉತ್ತರಗಳನ್ನೂ ನಿನ್ನೆ ಸಂಜೆ ಜಗಲಿಯಲ್ಲಿ ಕುಳಿತು ಅಮ್ಮನಿಗೆ ಓದಿ ಹೇಳಿದೆ. ಅಡಿಕೆ ಸುಲಿಯುತ್ತಿದ್ದವಳು ಗಾಳಿಮರದ ಭಾಗ ಬಂದಾಗ ಕೈ ನಿಲ್ಲಿಸಿದಳು. ಬಹಳ ಹೊತ್ತಿನ ನಂತರ, "ನೀನು ಬೆಟ್ಟದಲ್ಲಿ ಸುಮ್ಮನೆ ಕೂರುತ್ತಿದ್ದುದನ್ನು ನಾನು ಸೊಪ್ಪಿಗೆ ಬಂದಾಗ ಎರಡು ಸಲ ಕಂಡಿದ್ದೆ, ಕೇಳಲು ಹೆದರಿಕೆಯಾಯಿತು" ಎಂದಳು. ಮಂಗಳವಾರ ಅವಳೂ ಬರುತ್ತಾಳೆ. ಒಂದು ಸಂದೇಹ ಉಳಿದಿದೆ: ಆಸ್ಪತ್ರೆಯವರು ಈ ವಿಷಯವನ್ನು ನನ್ನ ಕೆಲಸದ ಕಡೆಯವರಿಗೆ ತಿಳಿಸುವ ಸಾಧ್ಯತೆ ಇದೆಯೇ?

ಆಪ್ತಸಮಾಲೋಚಕಿ

ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮು ನಿಮ್ಮ ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡುವ ಹಕ್ಕನ್ನು ನಿಮಗೆ ಕೊಟ್ಟಿದೆ. ಪ್ರಾಣಾಪಾಯ ತಡೆಯುವಂಥ ಕೆಲವೇ ಸಂದರ್ಭಗಳು ಅದಕ್ಕೆ ಹೊರತು, ನೌಕರಿ ಕೊಟ್ಟವರ ಕುತೂಹಲ ಅವುಗಳಲ್ಲಿ ಸೇರಿಲ್ಲ. ಹಿಂದೆ ಯಾವುದಾದರೂ ಮಾತ್ರೆ ತೆಗೆದುಕೊಂಡಿದ್ದರೆ ಚೀಟಿ ತನ್ನಿ. ಬೆಳಿಗ್ಗೆ ಬೇಗ ಬಂದರೆ ಸರದಿ ಕಡಿಮೆ ಇರುತ್ತದೆ.